ಹೊಟ್ಟೆಪ್ಪನ ಚರಗ

ಹೊಟ್ಟೆಪ್ಪನಿಗೆ ಬಾಯಿ ಇರಲಿಲ್ಲ, ಹಲ್ಲಿರಲಿಲ್ಲ, ನಾಲಿಗೆಯ ಮಾತಂತೂ ದೂರವೇ ಉಳಿಯಿತು. ಇದ್ದದ್ದು ಒಂದು ಹೊಟ್ಟೆ, ಅದೂ ಗಾಜಿನದು. ಎರಡು ದುಂಡನೆಯ ಭರಣಿಗಳು, ನಡುವೆ ತನ್ನಷ್ಟಕ್ಕೆ ಹಿಂಡಿ ಹಿಂಡಿ ಬಿಡುವ ರಬ್ಬರ್ ಚೀಲ, ಆಮೇಲೆ ಸುರುಳಿ ಸುತ್ತಿದ ಹದಿನೆಂಟು ಅಡಿ ಕೊಳವೆ, ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ತೆಳುಪರದೆ. ಆ ಪರದೆಯ ಮೇಲೆ ಮನುಷ್ಯರ ಕರುಳಿನ ಜೀವಕೋಶಗಳನ್ನೂ ನರದ ತುದಿಗಳನ್ನೂ ಬೆಳೆಸಿದ್ದರು. ಧಾರವಾಡದ ಹೊರಗಿದ್ದ ಆ ಪ್ರಯೋಗಾಲಯದ ಕಾಗದಪತ್ರಗಳಲ್ಲಿ ಇದರ ಹೆಸರು ‘ಕೃತಕ ಜಠರ ಎರಡು’. ಹೊಟ್ಟೆಪ್ಪ ಎಂದು ನಾಮಕರಣ ಮಾಡಿದವಳು ಫಕೀರವ್ವ. ದಿನಾ ಯಾರಿಗೆ ಅಡುಗೆ ಮಾಡಿ ಉಣಿಸುತ್ತೇವೋ ಅವರಿಗೊಂದು ಹೆಸರು ಬೇಡವೇ ಎಂಬುದು ಅವಳ ವಾದ. ಮೊದಲು ನಕ್ಕ ವಿಜ್ಞಾನಿಗಳು ತಿಂಗಳೊಳಗೆ ತಾವೂ ಹೊಟ್ಟೆಪ್ಪ ಎನ್ನತೊಡಗಿದರು.

ಇಸವಿ ಕೇಳಬೇಡಿ. ನಿಮ್ಮ ಮೊಮ್ಮಕ್ಕಳು ಕ್ಯಾಲೆಂಡರ್ ತಿರುವಿ ಹಾಕುವ ಕಾಲ ಎಂದಿಟ್ಟುಕೊಳ್ಳಿ.

ಫಕೀರವ್ವ ಅಲ್ಲಿ ಅಟೆಂಡರ್. ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಹೊಲದಿಂದ. ಪ್ರಯೋಗಾಲಯ ಎದ್ದು ನಿಂತಿದ್ದು ಅವಳ ಮನೆತನದ ಎರೆಹೊಲದ ಮೇಲೆ; ಹೊಲ ಬಿಟ್ಟುಕೊಟ್ಟ ಮನೆಗೆ ಒಂದು ನೌಕರಿ ಎಂದು ಸರಕಾರ ಮಾತು ಕೊಟ್ಟಿತ್ತು, ಆಶ್ಚರ್ಯವೆಂದರೆ ಉಳಿಸಿಕೊಂಡಿತ್ತು. ಹೀಗೆ ತಾನು ಒಂದು ಕಾಲಕ್ಕೆ ಕಳೆ ಕಿತ್ತ ನೆಲದ ಮೇಲೆ, ಈಗ ಬಿಳಿ ಟೈಲ್ಸ್ ಹಾಸಿದ ಕೋಣೆಯಲ್ಲಿ, ಅವಳು ಪ್ರತಿದಿನ ಬೆಳಿಗ್ಗೆ ಹೊಟ್ಟೆಪ್ಪನಿಗೆ ಅಂಬಲಿ ಕಾಸುತ್ತಿದ್ದಳು. ಹಾಲಿನ ಪ್ರೋಟೀನ್ ಪುಡಿ, ಪಿಷ್ಟ, ಎಣ್ಣೆ, ನಾಲ್ಕು ಬಗೆಯ ಉಪ್ಪು, ಎಲ್ಲವೂ ಗ್ರಾಮಿನ ಲೆಕ್ಕದಲ್ಲಿ. ಬಣ್ಣ ಬಿಳಿ, ವಾಸನೆ ಇಲ್ಲ, ರುಚಿ ನೋಡುವ ಹಾಗಿಲ್ಲ. ಒಮ್ಮೆ ಯಾರೂ ಇಲ್ಲದಾಗ ಅವಳು ಬೆರಳಿಗೆ ಹಚ್ಚಿ ನೆಕ್ಕಿದ್ದಳು. ಅಂದಿನಿಂದ ಹೊಟ್ಟೆಪ್ಪನ ಮೇಲೆ ಅವಳಿಗೆ ಕನಿಕರ.

ಕನಿಕರಕ್ಕೆ ಬೇರೊಂದು ಕಾರಣವೂ ಇತ್ತು. ಹೊಟ್ಟೆಪ್ಪ ಉಂಡು ಅರಗಿಸಿಕೊಳ್ಳುತ್ತಿದ್ದುದು ಅವಳ ಗಂಡನ ಸಲುವಾಗಿ.

ಅಡಿವೆಪ್ಪ ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಹಗಲೆಲ್ಲ ಒಂದೇ ಹಾದಿಯಲ್ಲಿ ಹೋಗಿ ಬರುವವನಿಗೆ ಕನಸುಗಳು ಮಾತ್ರ ಹಾದಿ ತಪ್ಪಿಯೇ ಬೀಳುತ್ತಿದ್ದವು. ಬೆಳಿಗ್ಗೆ ಫಕೀರವ್ವ ರೊಟ್ಟಿ ಬಡಿಯಲು ಕೂತರೆ, ಅವನು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಶುರು ಹಚ್ಚುತ್ತಿದ್ದ: “ಇವತ್ತ ನಮ್ಮ ಬಸ್ಸ ಎಲ್ಲಿ ಹೋಗಿತ್ತ ಗೊತ್ತೈತೇನ?” ಒಂದು ದಿನ ಬಸ್ಸು ಕೆಲಗೇರಿ ಕೆರೆಯ ತಳಕ್ಕೆ ಇಳಿದಿತ್ತು, ಮೀನುಗಳು ಒದ್ದೆ ನೋಟು ಹಿಡಿದು ಚಿಲ್ಲರೆಗಾಗಿ ಜಗಳ ಆಡಿದವು. ಇನ್ನೊಂದು ದಿನ ಚಂದ್ರ ಫುಟ್‌ಬೋರ್ಡಿನ ಮೇಲೆ ನಿಂತಿದ್ದ, ಒಳಗೆ ಬಾ ಎಂದರೂ ಬರಲಿಲ್ಲ. ಮತ್ತೊಂದು ದಿನ ಬಸ್ಸಿನ ತುಂಬ ನಿದ್ದೆ ಹೋದ ಮಂದಿ, ಒಬ್ಬರ ಕನಸಿನಲ್ಲಿ ಇನ್ನೊಬ್ಬರು ಇಳಿದು ಹೋಗುತ್ತಿದ್ದರು, ಯಾರಿಗೆ ಯಾವ ಸ್ಟಾಪು ಎಂಬುದೇ ತಿಳಿಯಲೊಲ್ಲದು. ಫಕೀರವ್ವ ರೊಟ್ಟಿ ತಿರುವಿ ಹಾಕುತ್ತ, “ಸುಳ್ಳ ಹೇಳೂದಕ್ಕೂ ಒಂದ ಮಿತಿ ಬೇಕ್ರಿ” ಎನ್ನುತ್ತಿದ್ದಳು. ಆದರೆ ಕನಸು ಮುಗಿಯುವವರೆಗೆ ಕೊನೆಯ ರೊಟ್ಟಿಯನ್ನು ಬಡಿಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಊರಿಗೆಲ್ಲ ಮೂರು ದಿನದ ಒಂದು ಜ್ವರ ಬಂತು. ಬಹಳ ಮಂದಿಗೆ ಬಂದು ಹೋಯಿತು. ಕೆಲವರಿಗೆ ಜ್ವರ ಬಿಟ್ಟಮೇಲೆ ಕನಸು ಬೀಳುವುದು ನಿಂತಿತು. ನಿದ್ದೆ ಬರುತ್ತಿತ್ತು, ಗೊರಕೆಯೂ ಬರುತ್ತಿತ್ತು, ಒಳಗೆ ಮಾತ್ರ ಏನೂ ನಡೆಯುತ್ತಿರಲಿಲ್ಲ. ಮಂದಿ ಅದನ್ನು ‘ಬರಿನಿದ್ದೆ’ ಎಂದು ಕರೆದರು. ಕನಸಿಲ್ಲದಿದ್ದರೆ ಏನು ಮಹಾ ನಷ್ಟ ಎಂದುಕೊಂಡವರಿಗೆ ಒಂದೆರಡು ತಿಂಗಳಲ್ಲಿ ಗೊತ್ತಾಯಿತು. ದಿನದಲ್ಲಿ ಕಂಡದ್ದು ಕೇಳಿದ್ದು ಮನಸ್ಸಿನಲ್ಲಿ ನೆಲೆ ನಿಲ್ಲುವುದು ಕನಸಿನ ಹೊತ್ತಿನಲ್ಲಿ. ಅದು ತಪ್ಪಿದರೆ ಬೆಳಿಗ್ಗೆ ಎದ್ದಾಗ ನಿನ್ನೆ ಎಂಬುದೇ ಇರುವುದಿಲ್ಲ. ಮೊದಲು ನಿನ್ನೆ ಹೋಗುತ್ತದೆ, ಆಮೇಲೆ ಒಂದೊಂದಾಗಿ ಹಳೆಯದೂ ಮಾಸುತ್ತದೆ.

ಅಡಿವೆಪ್ಪನಿಗೆ ಮೊದಲು ಸ್ಟಾಪುಗಳ ಹೆಸರು ಹೋದವು. ಆಮೇಲೆ ನೆರೆಮನೆಯವರು. ಈಗ ನಾಲ್ಕು ತಿಂಗಳಿಂದ ಹೆಂಡತಿ. ಬೆಳಿಗ್ಗೆ ಎದ್ದು ಅವಳನ್ನು ಕಂಡರೆ ಪರಸ್ಥಳದ ಹೆಣ್ಣುಮಗಳನ್ನು ಕಂಡವನ ಹಾಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವಳು ಚಹಾ ತಂದು ಮುಂದಿಟ್ಟರೆ, “ನಿಮಗ ಯಾಕ ತ್ರಾಸರೀ ಅಕ್ಕಾರ” ಎನ್ನುತ್ತಿದ್ದ.

“ನಾ ನಿಮ್ಮ ಹೇಂತಿ ಅದೀನ್ರಿ. ಫಕೀರವ್ವ.”

“ಹೌದೇನ್ರಿ?” ಎಂದು ಅವನು ನಿಜವಾಗಿ ಸಂತೋಷಪಡುತ್ತಿದ್ದ. ಸಂಜೆಯತನಕ ಅದನ್ನು ನೆನಪಿಟ್ಟುಕೊಂಡು ಅವಳ ಹೆಸರು ಹಿಡಿದು ಕರೆದು, ನೀರು ಸೇದಿ ಕೊಟ್ಟು, ಒಮ್ಮೊಮ್ಮೆ ಕೈ ಸಹ ಹಿಡಿಯುತ್ತಿದ್ದ. ಮಾರನೆಯ ದಿನ ಮತ್ತೆ ಅಂಗಿಯ ಗುಂಡಿ. ದಿನಾ ಬೆಳಿಗ್ಗೆ ಹೊಸದಾಗಿ ಮದುವೆಯಾಗುವುದು ಕೇಳಲಿಕ್ಕೆ ಚೆಂದ. ಫಕೀರವ್ವನಿಗೆ ಮಾತ್ರ ದಿನಾ ಬೆಳಿಗ್ಗೆ ಎದೆ ಒಡೆಯುತ್ತಿತ್ತು. ತನ್ನ ಗಂಡನಿಗೆ ನಿನ್ನೆ ಬೇಕು, ಒಂದೇ ಒಂದು ನಿನ್ನೆ ಸಿಕ್ಕರೂ ಸಾಕು ಎಂದು ಅವಳು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಳು.

ಔಷಧಿ ಇರಲಿಲ್ಲವೆಂದಲ್ಲ. ಇತ್ತು. ತಲುಪುತ್ತಿರಲಿಲ್ಲ, ಅಷ್ಟೆ.

ಇದನ್ನು ಅವಳಿಗೆ ತಿಳಿಯುವ ಹಾಗೆ ಹೇಳಿದವನು ಇಮ್ತಿಯಾಜ್, ಹುಬ್ಬಳ್ಳಿಯ ಹುಡುಗ ಎಂದೇ ಎಲ್ಲರೂ ಕರೆಯುವ, ನಲವತ್ತು ಸಮೀಪಿಸಿದ ಸಂಶೋಧಕ. ಕನಸನ್ನು ಮತ್ತೆ ಹೊತ್ತಿಸುವ ಔಷಧಿಯನ್ನು ಅತಿ ಸಣ್ಣ ಕಣಗಳಲ್ಲಿ ತುಂಬಿದ್ದರು. ನ್ಯಾನೋಕಣ. ಒಂದು ಕೂದಲೆಳೆಯ ಅಡ್ಡಕ್ಕೆ ಸಾವಿರ ಕಣ ಸಾಲಾಗಿ ನಿಲ್ಲಬಹುದು. ನುಂಗಿದರೆ ಅವು ಕರುಳಿನ ಗೋಡೆ ದಾಟಿ ಅಲ್ಲಿನ ನರದ ತುದಿ ಮುಟ್ಟಬೇಕು. ಆ ನರ ಮೆದುಳಿಗೆ ಹೋಗುವ ನೇರ ದಾರಿ.

“ಆದ್ರ ಫಕೀರವ್ವಾರ, ಕಣ ಹೊಟ್ಯಾಗ ಬತ್ತಲೆ ಇರೂದಿಲ್ರಿ. ಬಿದ್ದ ಕೂಡಲೆ ಅಲ್ಲಿರೋ ಊಟದ ಪ್ರೋಟೀನ್ ಬಂದು ಮೈತುಂಬ ಅಂಟಕೋತೈತಿ. ಅದ ಅದರ ಅಂಗಿ. ಆಮ್ಯಾಲ ಕರುಳಿಗೆ ಕಾಣೂದು ಅಂಗಿ ಮಾತ್ರ, ಒಳಗಿನ ಕಣ ಅಲ್ಲ.”

“ಖಾಕಿ ಅಂಗಿ ಇದ್ದಂಗ ಅನ್ರಿ. ನಮ್ಮ ಮನಿಯವರು ಅಂಗಿ ಹಾಕ್ಕೊಂಡ ನಿಂತ್ರ ಮಂದಿ ಮಾರಿ ನೋಡತಿದ್ದಿಲ್ಲ, ರೊಕ್ಕ ಕೊಡತಿದ್ರು.”

“ಕರೆಕ್ಟ್ ನೋಡ್ರಿ! ಈಗ ನಮ್ಮ ಕಣಕ್ಕ ಹಾಲಿನ ಅಂಗಿ. ಅದು ಹೊಟ್ಟಿಯ ಹುಳಿಗೆ ಅರ್ಧ ತಾಸಿನ್ಯಾಗ ಹರದು ಹೋಗಿ, ಕಣ ಒಂದಕ್ಕೊಂದು ಅಂಟಿ ಗಂಟ ಆಕ್ಕಾವ. ಗಂಟ ಗ್ವಾಡಿ ದಾಟೂದಿಲ್ಲ.”

ಹೊಟ್ಟೆಪ್ಪನ ಕೊನೆಯ ಪರದೆಗೆ ಒಂದೇ ಒಂದು ಕಣ ತಲುಪಿದರೂ ಕಂಪ್ಯೂಟರಿನಲ್ಲಿ ನೀಲಿ ಚುಕ್ಕೆ ಹೊಳೆಯಬೇಕು. ಎರಡು ವರ್ಷದಿಂದ ಕಂಪ್ಯೂಟರ್ ಕಪ್ಪಗೇ ಇತ್ತು. ಯೋಜನೆಯ ಮುಖ್ಯಸ್ಥೆ ಡಾ. ನಳಿನಿ ಅರಸು ಮೈಸೂರಿನವರು, ಮೆಲುದನಿ, ಕಡಕ್ ಶಿಸ್ತು. ಕಣದ ಮೇಲೆ ಹತ್ತಾರು ಬಗೆಯ ಲೇಪ ಬಳಿದು ನೋಡಿದ್ದರು. ಎಲ್ಲ ಲೇಪದ ಮೇಲೂ ಹಾಲು ಹೋಗಿ ಕೂರುತ್ತಿತ್ತು. ಪ್ರಪಂಚದ ಎಲ್ಲ ಕಡೆ ಇದೇ ಪ್ರಮಾಣಿತ ಊಟ, ಇದನ್ನು ಬದಲಿಸಿದರೆ ಯಾರೂ ನಮ್ಮ ಫಲಿತಾಂಶ ನಂಬುವುದಿಲ್ಲ ಎಂದು ಊಟಕ್ಕೆ ಮಾತ್ರ ಕೈ ಹಚ್ಚಿರಲಿಲ್ಲ. ದೀಪಾವಳಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅಷ್ಟರೊಳಗೆ ಚುಕ್ಕೆ ಕಾಣದಿದ್ದರೆ ಬಾಗಿಲು ಮುಚ್ಚುವುದೇ. ಮನುಷ್ಯರ ಮೇಲಿನ ಪ್ರಯೋಗದ ಪಟ್ಟಿಯಲ್ಲಿ ಅಡಿವೆಪ್ಪನ ಹೆಸರು ಮೂವತ್ತೊಂದನೆಯದಾಗಿ ಸುಮ್ಮನೆ ಕೂತಿತ್ತು.

ಹೀಗಿರುವಾಗ ಶೀಗಿ ಹುಣ್ಣಿಮೆ ಬಂತು.

ಆ ದಿನ ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸಲು ಊರವರೆಲ್ಲ ಬುಟ್ಟಿ ತುಂಬ ಅಡುಗೆ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ನಾಲ್ಕು ದಿಕ್ಕಿಗೆ ನಾಲ್ಕು ಹಿಡಿ, ಕೊನೆಯ ಹಿಡಿ ಹೊಲದ ನಡುವೆ. ಹೊಲ ಹೋದರೂ ಫಕೀರವ್ವ ಚರಗ ಬಿಟ್ಟವಳಲ್ಲ. ಸಜ್ಜಿಕಡಬು, ಎಳ್ಳಿನ ಹೋಳಿಗೆ, ಪುಂಡಿಪಲ್ಯ, ಮೊಳಕೆ ಬಂದ ಮಡಕಿಕಾಳಿನ ಪಲ್ಯ, ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಪ್ರತಿವರ್ಷ ಕೆಲಸದ ವೇಳೆಗಿಂತ ಒಂದು ತಾಸು ಮೊದಲೇ ಬಂದುಬಿಡುತ್ತಿದ್ದಳು. ಜನರೇಟರ್ ಶೆಡ್ಡಿನ ಹಿಂದೆ ಒಂದು ಹಿಡಿ, ಸೈಕಲ್ ನಿಲ್ಲಿಸುವಲ್ಲಿ ಒಂದು, ಗೇಟಿನ ಬನ್ನಿಗಿಡದ ಬುಡಕ್ಕೆ ಒಂದು, ನೀರಿನ ಟ್ಯಾಂಕಿನ ಕೆಳಗೆ ಒಂದು. ಹಿಂದೆ ಚರಗ ಚೆಲ್ಲುವಾಗ ಇಡೀ ಬಯಲು ಅನುರಣಿಸುವಂತೆ ಹಾಕುತ್ತಿದ್ದ ಕೂಗನ್ನು ಈಗ ಸೆಕ್ಯುರಿಟಿಯವನಿಗೆ ಕೇಳಿಸದ ಹಾಗೆ ಹಾಕುತ್ತಿದ್ದಳು. ಇನ್ನು ಹೊಲದ ನಡುವೆ ಎಂದರೆ ಯಾವುದು? ಅವಳ ಲೆಕ್ಕದಲ್ಲಿ ಅದು ಹೊಟ್ಟೆಪ್ಪನ ಕೋಣೆ. ಆ ಕೋಣೆಯ ಬಾಗಿಲಲ್ಲಿ ಒಂದು ಹೂಕುಂಡವಿತ್ತು, ಕೊನೆಯ ಹಿಡಿ ಅದರ ಮಣ್ಣಿಗೆ ಸಲ್ಲುತ್ತಿತ್ತು.

ಈ ಸಲ ಹೂಕುಂಡ ಇರಲಿಲ್ಲ. ಸಮಿತಿ ಬರುತ್ತದೆಂದು ಎಲ್ಲವನ್ನೂ ತೆಗೆದು ಒಪ್ಪ ಮಾಡಿದ್ದರು.

ಫಕೀರವ್ವ ಒಂದು ಹಿಡಿ ಮಡಕಿಕಾಳು ಹಿಡಿದುಕೊಂಡು ನಿಂತಳು. ಟೈಲ್ಸಿನ ಮೇಲೆ ಚೆಲ್ಲುವಂತಿಲ್ಲ; ಡಬ್ಬಿಗೆ ವಾಪಸ್ ಹಾಕಿದರೆ ಬಸುರಿಯ ಎಲೆಯಿಂದ ಕಸಿದಂತೆ. ಬೆಳಗಿನ ಬಿಸಿಲು ಗಾಜಿನ ಭರಣಿಗಳ ಮೇಲೆ ಬಿದ್ದು, ಹೊಟ್ಟೆಪ್ಪ ಒಳಗಿನಿಂದಲೇ ಬೆಳಗಿದವನಂತೆ ಕಂಡ. ರಬ್ಬರ್ ಚೀಲ ಮೆಲ್ಲಗೆ ಹಿಂಡಿಕೊಂಡಿತು, ಬಿಟ್ಟಿತು. ಹೊಲದ ನಡುವೆ ಹಸಿದ ಹೊಟ್ಟೆಯೊಂದು ಕೂತಿದೆ, ಎರಡು ವರ್ಷದಿಂದ ಬಿಳಿ ಅಂಬಲಿ ಬಿಟ್ಟು ಬೇರೇನೂ ಕಂಡಿಲ್ಲ. ಬಯಕೆ ಎಂದರೆ ಮತ್ತೇನು?

“ತಗೋ ತಮ್ಮಾ, ಯಾರಿಗೂ ಹೇಳಬ್ಯಾಡ” ಎಂದು ಕಾಳನ್ನು ಅಂಗೈಯಲ್ಲಿ ನುರಿದು ಮೊದಲ ಭರಣಿಯ ಲಾಳಿಕೆಯಲ್ಲಿ ಹಾಕಿದಳು. ಒಂದು ಚಮಚೆಯಷ್ಟು, ಹೆಚ್ಚಿಲ್ಲ.

ಒಂದು ತಾಸಿನ ಮೇಲೆ ಇಮ್ತಿಯಾಜ್ ಬಂದು ನಿತ್ಯದ ಹಾಗೆ ಮೊದಲು ಕಣದ ಮಾತ್ರೆ ಹಾಕಿದ. ಹತ್ತು ನಿಮಿಷ ಬಿಟ್ಟು ಫಕೀರವ್ವ ಅಂಬಲಿ ಹೊಯ್ದಳು.

ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರಿನ ಕಪ್ಪಿನಲ್ಲಿ ಒಂದು ನೀಲಿ ಚುಕ್ಕೆ ಹೊಳೆಯಿತು. ಆಮೇಲೆ ನಾಲ್ಕು. ಆಮೇಲೆ ಹಿತ್ತಲ ಗಿಡಕ್ಕೆ ಮಿಣುಕುಹುಳ ಮುತ್ತಿದ ಹಾಗೆ ಎಣಿಸಲು ಬಾರದಷ್ಟು. ಡಾ. ನಳಿನಿ ಕುರ್ಚಿಯಿಂದ ಎದ್ದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಮ್ತಿಯಾಜ್ ಏನೋ ಹೇಳಹೋಗಿ ಕೆಮ್ಮಿದ. ಕೋಣೆಯ ಬಿಳಿ ಗೋಡೆಗಳೆಲ್ಲ ತುಸು ನೀಲಿಯಾಗಿ, ಎಲ್ಲರೂ ಕೆರೆಯ ತಳದಲ್ಲಿ ನಿಂತವರಂತೆ ಕಾಣುತ್ತಿದ್ದರು. ಫಕೀರವ್ವ ಬಾಗಿಲಲ್ಲಿ ಸಾರಣೆಯ ಬಟ್ಟೆ ಹಿಡಿದು ನಿಂತವಳು, ಈಗ ಒಂದು ಬಸ್ಸು ಬಂದರೂ ಬಂದೀತು ಎಂದುಕೊಂಡಳು.

ಮರುದಿನ ಅದೇ ಪ್ರಯೋಗ ಮತ್ತೆ ಮಾಡಿದರು. ಕಪ್ಪು. ಅದರ ಮರುದಿನವೂ ಕಪ್ಪು. ಒಂಬತ್ತು ದಿನ ಹಗಲೆಲ್ಲ ಪ್ರಯೋಗಾಲಯದವರು ಒಂದೊಂದೇ ಸಂಶಯ ಬಗೆಹರಿಸಿದರು: ನೀರು ಬದಲಾಯಿತೇ, ಬಿಸಿ ಹೆಚ್ಚಾಯಿತೇ, ಮಾತ್ರೆಯ ಡಬ್ಬಿ ಬೇರೆಯೇ. ಡಾ. ನಳಿನಿಯವರ ಕಣ್ಣ ಕೆಳಗೆ ಕಪ್ಪು ಬಂತು. ಸಮಿತಿಗೆ ನಾಲ್ಕೇ ದಿನ ಉಳಿಯಿತು.

ಫಕೀರವ್ವನಿಗೆ ಕಾರಣ ಎರಡನೆಯ ದಿನವೇ ಗೊತ್ತಾಗಿತ್ತು. ಹೇಳಿದರೆ ನೌಕರಿ ಹೋಗುತ್ತದೆ. ಪ್ರಯೋಗದ ಯಂತ್ರಕ್ಕೆ ಹಬ್ಬದ ಪಲ್ಯ ಉಣಿಸಿದವಳನ್ನು ಯಾರು ಇಟ್ಟುಕೊಂಡಾರು? ಹೊಲ ಕೊಟ್ಟು ಪಡೆದ ನೌಕರಿ ಹೋದರೆ ಹೊಲ ಎರಡನೆಯ ಸಲ ಹೋದ ಹಾಗೆ. ಹೇಳದಿದ್ದರೆ ಮೂವತ್ತೊಂದನೆಯ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ. ಒಂಬತ್ತು ದಿನ ಅವಳು ಹೆದರಿದಳು, ನಾಚಿಕೆಪಟ್ಟಳು, ತನ್ನನ್ನು ತಾನೇ ಬೈದುಕೊಂಡಳು. ಹತ್ತನೆಯ ದಿನ ಬೆಳಿಗ್ಗೆ ಅಡಿವೆಪ್ಪ ಅಂಗಿಯ ಗುಂಡಿ ಹಾಕಿಕೊಂಡು, “ಅಕ್ಕಾರ, ನಾ ಇಲ್ಲಿ ಭಾಳ ದಿನದಿಂದ ಅದೀನೇನ್ರಿ? ನಿಮಗ ಭಾರ ಆಗೀನೇನ್ರಿ?” ಎಂದು ಕೇಳಿದ. ಅವಳು ಸೀದಾ ಬಂದು ಡಾ. ನಳಿನಿಯವರ ಮೇಜಿನ ಮುಂದೆ ನಿಂತಳು.

“ಮೇಡಂ, ಹುಣ್ಣಿವಿ ದಿನ ನಾ ಹೊಟ್ಟೆಪ್ಪಗ ಚರಗ ಹಾಕೀನ್ರಿ.”

“ಏನ್ ಹಾಕಿದ್ರಿ?”

“ಮಡಕಿಕಾಳಿನ ಪಲ್ಯ ರೀ. ಒಂದ ಚಮಚಿ.”

ಡಾ. ನಳಿನಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಅವರ ಮೆಲುದನಿ ನಡುಗಿತು. “ಏನ್ ಮಾಡಿದೀರಿ ಅಂತ ಗೊತ್ತಾ ನಿಮಗೆ? ಹತ್ತು ದಿನದಿಂದ ನಾವು ಇಲ್ಲಿ ಹುಚ್ಚರ ಹಾಗೆ ಹುಡುಕ್ತಾ ಇದೀವಿ. ಆ ಒಂದು ದಿನದ ಫಲಿತಾಂಶ ಕಸದ ಬುಟ್ಟಿಗೆ. ನಿಮ್ಮನ್ನ ನಂಬಿ ಬೀಗದ ಕೈ ಕೊಟ್ಟಿದ್ದೆ.”

“ತಪ್ಪಾತ್ರಿ. ಮನಿಗೆ ಹೋಗಂದ್ರ ಹೋಗತೀನ್ರಿ. ಆದ್ರ ಆ ಕಾಳ ಒಮ್ಮಿ ನೋಡ್ರಿ.” ಫಕೀರವ್ವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಇಮ್ತಿಯಾಜ್ ಆಗಲೇ ಸ್ಕೂಟರಿನ ಕೀಲಿ ಹುಡುಕುತ್ತಿದ್ದ. ಅಂಗಡಿಯಿಂದ ಮಡಕಿ ತಂದು, ಕುಕ್ಕರಿನಲ್ಲಿ ಕೂಗಿಸಿ, ರುಬ್ಬಿ ಹೊಟ್ಟೆಪ್ಪನಿಗೆ ಹಾಕಿದರು. ಕಪ್ಪು. ಡಾ. ನಳಿನಿ ಕಿಟಕಿಯ ಹೊರಗೆ ನೋಡಿದರು. ಫಕೀರವ್ವ ಪಾತ್ರೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ ಮುಖ ಹುಳ್ಳಗೆ ಮಾಡಿದಳು. “ಮೊಳಕಿ ಎಲ್ಲೈತ್ರಿ ಇದಕ? ಸತ್ತ ಕಾಳ ಬೇಯಿಸೀರಿ.”

ಆ ಸಂಜೆ ಕಾಳು ನೆನೆಹಾಕಿ, ಮರುದಿನ ಒದ್ದೆ ಧೋತರದ ಚೂರಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ ಅವಳು ಪ್ರಯೋಗಾಲಯದ ಕೋಟು ತೂಗುಹಾಕುವ ಗೂಟಕ್ಕೇ ನೇತುಹಾಕಿದಳು. ತಾಸಿಗೊಮ್ಮೆ ನೀರು ಚಿಮುಕಿಸಿದಳು. ದೊಡ್ಡ ದೊಡ್ಡ ಡಿಗ್ರಿಯವರು ಬಂದು ಬಂದು ಗಂಟನ್ನು ನೋಡಿ ಹೋದರು. ಅದರ ಮಾರನೆಯ ದಿನ ಬೆರಳಿನ ಗೆಣ್ಣುದ್ದ ಮೊಳಕೆ ಬಟ್ಟೆ ಚುಚ್ಚಿ ಹೊರಗೆ ಇಣುಕಿತ್ತು. ಹದವಾಗಿ ಬಾಡಿಸಿ ನುರಿದು ಹೊಟ್ಟೆಪ್ಪನಿಗೆ ಉಣಿಸಿದರು.

ಮಧ್ಯಾಹ್ನ ಕೋಣೆ ಮತ್ತೆ ನೀಲಿಯಾಯಿತು.

ಮೊಳಕೆಯೊಡೆಯುವಾಗ ಕಾಳು ತನ್ನ ಪ್ರೋಟೀನನ್ನು ತಾನೇ ಕತ್ತರಿಸಿ ಸಣ್ಣದು ಮಾಡಿಕೊಳ್ಳುತ್ತದೆ. ಆ ಚೂರುಗಳು ಕಣದ ಮೈಗೆ ಬಿಗಿಯಾಗಿ ಕೂತು, ಹೊಟ್ಟೆಯ ಹುಳಿಗೆ ಹರಿಯದ ಅಂಗಿಯಾಗಿ, ಕಣಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದವು. ಕರುಳು ಅವನ್ನು ಪರಿಚಯದವರು ಎಂದು ಒಳಗೆ ಬಿಟ್ಟುಕೊಂಡಿತ್ತು. ಸಮಿತಿಯವರು ಬಂದರು, ಮಿಣುಕು ನೋಡಿದರು, ಮನುಷ್ಯರ ಪ್ರಯೋಗಕ್ಕೆ ಒಪ್ಪಿಗೆ ಬರೆದು ಹೋದರು. ಫಕೀರವ್ವನ ಹೆಸರಿನಲ್ಲಿ ಡಾ. ನಳಿನಿ ಒಂದು ಎಚ್ಚರಿಕೆಯ ಪತ್ರ ಹೊರಡಿಸಿದರು, ಅದೇ ದಿನ ಮೊಳಕೆ ಕಟ್ಟುವ ಪೂರ್ತಿ ಜವಾಬ್ದಾರಿ ಅವಳಿಗೇ ಎಂದು ಇನ್ನೊಂದು ಪತ್ರ. ಎರಡನ್ನೂ ಅವಳು ದೇವರ ಜಗಲಿಯ ಮೇಲಿಟ್ಟಳು.

ನಲವತ್ತು ಮಂದಿ ರೋಗಿಗಳು. ದಿನಾ ಬೆಳಿಗ್ಗೆ ಮನೆಯಲ್ಲೇ ಖಾಲಿ ಹೊಟ್ಟೆಯಲ್ಲಿ ಎರಡು ಚಮಚೆ ಮೊಳಕೆಮುದ್ದೆ, ಅದರ ಮೇಲೆ ಮಾತ್ರೆ. ಡಾ. ನಳಿನಿ ಮೊದಲೇ ಹೇಳಿದ್ದರು: “ಹೋದ ನೆನಪು ಎಷ್ಟು ವಾಪಸ್ ಬರುತ್ತೋ ಗೊತ್ತಿಲ್ಲ. ಇನ್ಮುಂದಿನದು ನಿಲ್ಲುತ್ತೆ, ಅಷ್ಟು ಮಾತ್ರ ಹೇಳಬಲ್ಲೆ.” ಎರಡು ವಾರದಲ್ಲಿ ಒಂದೊಂದೇ ಮನೆಯಿಂದ ಸುದ್ದಿ ಬರತೊಡಗಿತು. ಒಬ್ಬ ಮೇಷ್ಟ್ರು ಕನಸಿನಲ್ಲಿ ಆನೆಗೆ ಮಗ್ಗಿ ಕಲಿಸಿದರಂತೆ. ಒಬ್ಬ ಮುದುಕಿಗೆ ಬಾವಿಯಲ್ಲಿ ಊರೊಂದು ಕಂಡಿತಂತೆ, ಊರಿನವರೆಲ್ಲ ತಲೆಕೆಳಗಾಗಿ ನಡೆಯುತ್ತಿದ್ದರಂತೆ. ಪ್ರಯೋಗಾಲಯದ ಕಡತಗಳಲ್ಲಿ ಆನೆ, ಬಾವಿ, ಹಾರುವ ಹಾಸಿಗೆಗಳೆಲ್ಲ ನಮೂದಾದವು. ಇಪ್ಪತ್ತಮೂರು ಮಂದಿಗೆ ಕನಸು ಮರಳಿತು.

ಹದಿನೇಳು ಮಂದಿಗೆ ಮರಳಲಿಲ್ಲ. ಅದರಲ್ಲಿ ಅಡಿವೆಪ್ಪನೂ ಒಬ್ಬ.

ಒಂದು ತಿಂಗಳಾದರೂ ಅವನು ಅಕ್ಕಾರ ಎನ್ನುವುದನ್ನು ಬಿಡಲಿಲ್ಲ. ಬೇರೆಯವರ ಗಂಡಂದಿರಿಗೆ ಕನಸು ತಂದುಕೊಟ್ಟ ಕಾಳು ತನ್ನ ಮನೆಯಲ್ಲೇ ಸೋತಿತಲ್ಲ ಎಂದು ಫಕೀರವ್ವ ಸಂಕಟಪಟ್ಟಳು. ಕೆಲವರ ಮೈಗೆ ಇದು ಒಗ್ಗುವುದಿಲ್ಲವೇನೋ ಎಂದು ಡಾ. ನಳಿನಿಯೂ ಬರೆಯಲು ಹೊರಟಿದ್ದರು. ಆ ದಿನ ಅವರು ಹೊಟ್ಟೆಪ್ಪನ ಮುಂದೆ ನಿಂತು ಇಮ್ತಿಯಾಜನಿಗೆ ಹೇಳುತ್ತಿದ್ದರು: “ಮೊದಲು ಕೂತ ಅಂಗೀನೇ ಅಂಗಿ. ಹುಣ್ಣಿಮೆ ದಿನವೂ ಹಾಲು ಹಾಕಿದ್ವಲ್ಲ, ಆದ್ರೆ ಕಾಳು ಮುಂಚೆ ಬಂದಿತ್ತು. ಹಾಲೇ ಮೊದಲು ಹೊಟ್ಟೇಲಿದ್ದಿದ್ರೆ ಕಣ ಬಿದ್ದ ತಕ್ಷಣ ಅದೇ ತಬ್ಬಿಕೊಳ್ಳೋದು. ಕಾಳಿಗೆ ಜಾಗವೇ ಸಿಕ್ತಿರಲಿಲ್ಲ. ಅದಕ್ಕೇ ಖಾಲಿ ಹೊಟ್ಟೆ ಅಂತ ಬರೆದಿರೋದು.”

ಫಕೀರವ್ವನ ಕೈಯಿಂದ ಚಮಚೆ ಜಾರಿತು.

“ಮೇಡಂ, ಚಾ ಕುಡದ್ರ ಖಾಲಿ ಹೊಟ್ಟಿ ಅಲ್ಲೇನ್ರಿ?”

“ಏನು?”

“ನಾ ಎದ್ದ ಕೂಡಲೆ ಮನಿಯವರಿಗೆ ಚಾ ಕೊಡತೀನ್ರಿ. ಹಾಲಿನ ಚಾ. ಆಮ್ಯಾಲ ಮುದ್ದಿ.” ಅವಳು ಬಗ್ಗಿ ಚಮಚೆ ಎತ್ತಿಕೊಂಡಳು. “ಸೋಮವಾರ ಉಪಾಸ ಇದ್ರೂ ಚಾ ನಡಿತೈತಲ್ರಿ. ಚಾ ಅಂದ್ರ ತಿನ್ನೂದೇನ್ರಿ?”

ಅಡಿವೆಪ್ಪ ಬೆಳಿಗ್ಗೆ ಎದ್ದು ಪರಕೀಯನಂತೆ ಗೋಡೆಗೆ ಒರಗಿ ಕೂತಾಗ, ಬಂದವರಿಗೆ ಚಹಾ ಕೊಡದೆ ಅವಳಿಗೆ ಹೇಗೆ ಇರಲಾದೀತು? ದಿನಾ ಅಪರಿಚಿತನಾಗಿ ಏಳುವ ಗಂಡನನ್ನು ಅವಳು ದಿನಾ ಅತಿಥಿಯಾಗಿ ಸತ್ಕರಿಸಿದ್ದಳು. ಹಾಗೆ ಸತ್ಕರಿಸಿಯೇ ಅವನನ್ನು ಅಪರಿಚಿತನಾಗಿ ಉಳಿಸಿದ್ದಳು. ಇಮ್ತಿಯಾಜ್ ಉಳಿದ ಹದಿನಾರು ಮನೆಗಳಿಗೆ ಫೋನು ಹಚ್ಚಿದ. ಹದಿನಾರೂ ಮನೆಯಲ್ಲಿ ಖಾಲಿ ಹೊಟ್ಟೆ, ಹದಿನಾರೂ ಮನೆಯಲ್ಲಿ ಚಹಾ. ಅವನು ಕೊನೆಯ ಫೋನು ಇಟ್ಟಾಗ ಡಾ. ನಳಿನಿ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಸೂಚನೆಯ ಹಾಳೆಯಲ್ಲಿ ತಮ್ಮ ಕೈಯಾರೆ ಬರೆದರು: ‘ಚಹಾ ಸಹ ಊಟವೇ.’

ಮರುದಿನ ಬೆಳಿಗ್ಗೆ ಫಕೀರವ್ವ ಚಹಾ ಮಾಡಲಿಲ್ಲ. ಅಡಿವೆಪ್ಪ ಮರ್ಯಾದಸ್ಥನ ಹಾಗೆ ಕಾದು ಕೂತ. ಒಂದು ಸಲ ಅಡುಗೆಮನೆಯ ಕಡೆ ನೋಡಿದ, ಕೇಳಲಿಲ್ಲ. ಬಂದವನನ್ನು ಬರಿಗೈಯಲ್ಲಿ ಕೂರಿಸಿದ ಆ ಒಂದು ತಾಸು ಅವಳ ಬಾಳಿನ ಅತಿ ದೊಡ್ಡ ಅಪಚಾರವೆನಿಸಿತು. ಮುದ್ದೆ ತಿನ್ನಿಸಿ, ಮಾತ್ರೆ ನುಂಗಿಸಿ, ಎರಡು ತಾಸಿನ ಮೇಲೆ ಲೋಟ ತುಂಬ ಚಹಾ ಕೊಟ್ಟಳು. ಹೀಗೆ ಹತ್ತು ದಿನ ನಡೆಯಿತು. ಏನೂ ಆಗಲಿಲ್ಲ.

ಹನ್ನೊಂದನೆಯ ದಿನ ಭಾನುವಾರ. ಮಧ್ಯಾಹ್ನ ಉಂಡು ಅಡಿವೆಪ್ಪ ಪಡಸಾಲೆಯ ಚಾಪೆಯ ಮೇಲೆ ಮಲಗಿದ್ದ. ಫಕೀರವ್ವ ವಾರಕ್ಕಾಗುವಷ್ಟು ಕಡಕ್ ರೊಟ್ಟಿ ಮಾಡಲು ಕೂತಿದ್ದಳು. ಒಂದು ರೊಟ್ಟಿ ಹಂಚಿಗೆ ಹಾಕಿ ಸುಮ್ಮನೆ ತಲೆಯೆತ್ತಿ ಅವನ ಕಡೆ ನೋಡಿದಳು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಿದವು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಬಸ್ಸಿನ ಕಿಟಕಿಯಿಂದ ಏನನ್ನೋ ನೋಡುವವನ ಹಾಗೆ. ತುಟಿಯ ಮೂಲೆ ತುಸು ನಕ್ಕಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಲೇ ಕೂತಳು. ಅಂಗಳದಲ್ಲಿ ಕಾಗೆ ಕೂಗಿತು, ಬೀದಿಯಲ್ಲಿ ತರಕಾರಿ ಗಾಡಿ ಹೋಯಿತು, ಮಧ್ಯಾಹ್ನ ಇಡಿಯಾಗಿ ಆ ಎರಡು ರೆಪ್ಪೆಯ ಕೆಳಗೆ ಹೊಕ್ಕು ತಿರುಗಾಡುತ್ತಿತ್ತು. ಅವಳಿಗೆ ಎಚ್ಚರವಾದದ್ದು ಹೊಗೆಯ ವಾಸನೆಗೆ. ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗಲು ಕಪ್ಪಗಾಗಿತ್ತು.

ಸಂಜೆ ಊಟಕ್ಕೆ ಅದನ್ನು ತನ್ನ ತಾಟಿಗೆ ಹಾಕಿಕೊಂಡಳು. ಅಡಿವೆಪ್ಪ ಅರ್ಧ ಮುರಿದುಕೊಂಡು ತಿಂದ.

ಸೋಮವಾರ ಬೆಳಿಗ್ಗೆ ಮುದ್ದೆ, ಮಾತ್ರೆ ಎಲ್ಲ ತಲೆತಗ್ಗಿಸಿಯೇ ಕೊಟ್ಟು ಮುಗಿಸಿದ್ದಳು. ಅಂಗಿಯ ಗುಂಡಿ ಹಾಕಿದ್ದನೋ ಇಲ್ಲವೋ ಅವಳು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲ ಬಳಿ ಯಾರೋ ಒರಗಿದ ಸದ್ದಾಯಿತು.

“ಇವತ್ತ ನಮ್ಮ ಬಸ್ಸ ಎಲ್ಲಿ ಹೋಗಿತ್ತ ಗೊತ್ತೈತೇನ?”

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ಕರಗಿ ಹೋದೀತೋ ಎನಿಸಿತು.

“ಎಲ್ಲಿಗ್ರಿ?”

“ನಮ್ಮ ಹೊಲಕ್ಕ. ಗಾಡಿ ತುಂಬ ಮಂದಿ, ಎಲ್ಲಾರ ತೊಡಿಮ್ಯಾಲೂ ಚರಗದ ಬುಟ್ಟಿ. ಬನ್ನಿಗಿಡ ಐತಲ್ಲ, ಅದ ಸ್ಟ್ಯಾಂಡ. ನಾ ಎಲ್ಲಾರಿಗೂ ಟಿಕೀಟ ಹರದು ಕೊಟ್ಟೆ. ಹಿಂದಿನ ಸೀಟನ್ಯಾಗ ಒಬ್ಬ ಮುದುಕ ಜಗಳಕ್ಕ ನಿಂತಾ. ಕಂಡಕ್ಟರ್ ಸಾಹೇಬ್ರ, ಇದೇನ ಟಿಕೀಟರೀ, ನೋಡ್ರಿಲ್ಲೆ ಅಂದ. ನೋಡತೀನಿ, ಟಿಕೀಟ ಅಲ್ಲ ಅದು, ರೊಟ್ಟಿ ಚೂರು. ಅದೂ ಹೊತ್ತಿದ್ದು.”

ಅವಳು ನಿಧಾನವಾಗಿ ತಿರುಗಿದಳು. ಅವನು ಹೊಸ್ತಿಲಿಗೆ ಒರಗಿ ನಿಂತಿದ್ದ. ಅಂಗಿ ಹಾಕಿಕೊಂಡಿರಲಿಲ್ಲ, ಬನಿಯನ್ನಿನಲ್ಲೇ ಇದ್ದ.

“ಯಾವ ರೊಟ್ಟಿರಿ?”

“ಯಾವ ರೊಟ್ಟಿ ಅಂದ್ರ?” ಅಡಿವೆಪ್ಪ ಹುಬ್ಬು ಗಂಟಿಕ್ಕಿ, ಮೂವತ್ತು ವರ್ಷದ ಹಕ್ಕಿನಿಂದ ತಕರಾರು ತೆಗೆದ. “ನಿನ್ನಿ ನೀ ಹೊತ್ತಸಿದ್ಯಲ್ಲ, ಅದ. ಅರ್ಧ ನನಗ ತಿನ್ನಿಸಿದಿ. ಎತ್ತಾಗ ನೋಡಿಕೋತ ಕುಂತಿದ್ದಿ?”

ಫಕೀರವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವನು ಗಾಬರಿಯಾಗಿ ಒಳಗೆ ಬಂದು, ಒಂದು ರೊಟ್ಟಿಗೆ ಇಷ್ಟು ಅಳುವುದೇನು, ಹೊತ್ತಿದ್ದೂ ರುಚಿಯಾಗಿಯೇ ಇತ್ತು ಎಂದು ಸಮಾಧಾನ ಹೇಳತೊಡಗಿದ. ಅವರ ಹಿಂದೆ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹೊಗೆಯಾಡುತ್ತಿತ್ತು. ವಾಸನೆ ಅವಳ ಮೂಗಿಗೆ ಬಂತು. ಕೈ ನೀಡಿದರೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ನಾಳೆ ಬೆಳಿಗ್ಗೆ ಅವನು ಇದನ್ನೂ ಹೇಳಲಿ ಎಂದು ಅವಳು ಅದನ್ನು ಹಾಗೆಯೇ ಹೊತ್ತಲು ಬಿಟ್ಟಳು.